ಚಾಚಿದ ಎಡಗೈ

ಹೆದರುವ ಹೆಂಗಸು ನಾನಲ್ಲ, ಇದು ನಡೆದದ್ದೂ ಹಾಡಹಗಲಲ್ಲಿ. ಅರವತ್ತೆರಡನೇ ಇಸವಿಯ ಬೇಸಿಗೆ. ಹರಿಹರದ ತವರಿಗೆ ಹೋಗಿದ್ದೆ. ಅತ್ತಿಗೆ ಉಡಚಮ್ಮ ಬಟ್ಟೆ ತರಲು ದಾವಣಗೆರೆಗೆ ಹೋದದ್ದರಿಂದ ಅಣ್ಣನ ಇಬ್ಬರು ಪುಟ್ಟ ಹೆಣ್ಣುಮಕ್ಕಳು ಇಡೀ ದಿನ ನನ್ನ ಪಾಲಿಗಿದ್ದರು. ಒಂದು ಗಳಿಗೆ ಕೂತಲ್ಲಿ ಕೂರುವ ಜಾತಿಯಲ್ಲ ಅವು.

ಮಧ್ಯಾಹ್ನ ಹೇಗೋ ಹಿತ್ತಲ ಬಾಗಿಲಲ್ಲಿ ಕೂರಿಸಿ, ಮೊಸರನ್ನ ಕಲಸಿ, ಕೈತುತ್ತು ಹಾಕತೊಡಗಿದೆ. ಬೋಗುಣಿಯಿಂದ ತಲೆ ಎತ್ತದೆ, ಚಾಚಿದ ಅಂಗೈಗೆಲ್ಲ ಹಾಕುತ್ತಿದ್ದೆ. ಒಂದು ಅಂಗೈ ಮಾತ್ರ ಆ ಸುಡುಬಿಸಿಲಲ್ಲೂ ಆಗಷ್ಟೇ ಸೇದಿದ ಬಾವಿನೀರಿನಷ್ಟು ತಣ್ಣಗಿತ್ತು. ಮತ್ತೆ ಬಂತು, ಮತ್ತೆ ಹಾಕಿದೆ. ಆಮೇಲೆ ಗಮನಿಸಿದರೆ ಅದು ಎಡಗೈ.

"ಉಣ್ಣಾಕೆ ಎಡಗೈ ಚಾಚ್ತಾರೇನೇ? ಬಲಗೈ ಹಿಡಿ!" ಎಂದು ಗದರಿದೆ.

ಕೈ ಸರಕ್ಕನೆ ಹಿಂದೆ ಹೋಯಿತು. ತಲೆ ಎತ್ತಿದೆ. ಹುಡುಗಿಯರಿಬ್ಬರೂ ಬಲಗೈ ನೆಕ್ಕುತ್ತಿದ್ದರು. ಇಬ್ಬರ ಎಡಗೈಯಲ್ಲೂ ಒಂದಗುಳು ಅನ್ನವಿರಲಿಲ್ಲ.

ದೊಡ್ಡವಳು ನನ್ನ ಪಕ್ಕದ ಖಾಲಿ ಹೊಸ್ತಿಲನ್ನು ನೋಡಿ ಮುಖ ಸಪ್ಪಗೆ ಮಾಡಿದಳು.

"ಅದನ್ನ ಯಾಕ ಬೈದಿ ಅತ್ತೆ? ಅವ್ವ ಬೈಯಲ್ಲ. ದಿನಾ ಎಡಗೈಗೇ ಹಾಕ್ತಾಳೆ."