ನೇಹು ಕಚೇರಿಯ ಫ್ಲ್ಯಾಶ್ ಬೀಗ

"ಕಳ್ಳಿ ಸಿಕ್ಕಿದಳು," ಎಂದು ತೈಪೆಯ ನೇಹು ಬಡಾವಣೆಯ ಕಚೇರಿಯಲ್ಲಿ ನಿರ್ದೇಶಕ ಓವ್ ಬುಧವಾರ ಸಾರಿದಾಗ ಲಿಯಾವ್ ತಲೆ ಎತ್ತಲಿಲ್ಲ. ಗ್ರಾಹಕರಿಗೆ ಹೋಗಬೇಕಿದ್ದ ಕಲ್ಪಿತ ಯಂತ್ರ, ಅಂದರೆ ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರ್, ಕೆಟ್ಟಿತ್ತು. ಆರಿಸಿದರೂ ಅಳಿಯದ ಅದರ ಫ್ಲ್ಯಾಶ್ ನೆನಪಿನಲ್ಲಿ, ಗುಟ್ಟಿನ ಸಂಕೇತಾಕ್ಷರಗಳ ಅಸಲಿ ಕೀಲಿಯ ಜಾಗದಲ್ಲಿ ಪರೀಕ್ಷೆಯ ಹುಸಿ ಕೀಲಿ ಕೂತಿತ್ತು. ಓವ್ ಪ್ರಕಾರ ಮಂಗಳವಾರ ಆ ಯಂತ್ರದೊಳಗೆ ಕೆಲಸ ಮಾಡಿದವಳು ಕಿರಿಯ ಪರೀಕ್ಷಕಿ ಫಾನ್ ರುಯಿ ಒಬ್ಬಳೇ. ಹೆಸರು ಕೆಟ್ಟರೆ ತೈಪೆಯ ಯಾವ ಕಚೇರಿಯೂ ಅವಳನ್ನು ಸೇರಿಸುವುದಿಲ್ಲ.

"ತೂ ಅಕ್ಕಾ, ನಾನಲ್ಲ!" ಎಂದು ರುಯಿ ಅತ್ತಳು.

"ಅಳೋದು ಆಮೇಲೆ. ಮೊದಲು ಕುರ್ಚಿ ಬಿಡು."

ಹಿರಿಯ ಪರೀಕ್ಷಕಿ ತೂ ಯಿಂಗ್ ಇಂಥ ಎಷ್ಟೋ ಕಗ್ಗಂಟು ಬಿಡಿಸಿದವಳು. ಲಿಯಾವ್ ಹತ್ತು ವರ್ಷದಿಂದ ಅವಳ ಬಲಗೈ. ಆ ಫ್ಲ್ಯಾಶ್‌ಗೆ ಬೀಗವಿತ್ತು. ಕಾವಲಿನ ತಂತ್ರಾಂಶ ಬಿಟ್ಟು ಬೇರೆ ಯಾರು ಏನು ಬರೆದರೂ ಅದು ಸದ್ದಿಲ್ಲದೆ ಉದುರಿಹೋಗುತ್ತಿತ್ತು. ರುಯಿಯ ಜಾಗದಿಂದ ತೂ ಯಿಂಗ್ ಶುಕ್ರವಾರ ಮಧ್ಯಾಹ್ನದವರೆಗೂ ಇನ್ನೂರು ಸಲ ಬರೆದು ನೋಡಿದಳು. ಒಂದಕ್ಷರವೂ ಅಂಟಲಿಲ್ಲ.

"ಬೀಗದ ಪರೀಕ್ಷೆ ದಿನಾ ನೀನೇ ತಾನೇ ಓಡ್ಸೋದು? ಎಷ್ಟು ಹೊತ್ತಾಗುತ್ತೋ?" ಎಂದು ಅವಳು ಲಿಯಾವ್‌ನನ್ನು ಕೇಳಿದಳು.

"ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದ್ರೆ ಮಧ್ಯಾಹ್ನ ಮೂರಾಗುತ್ತೆ," ಎಂದ ಲಿಯಾವ್. "ಮಂಗಳವಾರ ಮಾತ್ರ ಅವಸರ ಅಂತ ಸಾಹೇಬ್ರೇ ಓಡ್ಸಿದ್ರು. ವರದಿ ನಂಗೆ ಕಳ್ಸಿದ್ರು, ಕಡತಕ್ಕೆ ಸೇರಿಸ್ದೆ."

ಆ ವರದಿಯನ್ನು ತರಿಸಿ, ಓದಿ, ಅವಳು ಮಡಚಿ ಜೇಬಿಗಿಟ್ಟುಕೊಂಡಳು.

ಅಂದು ರಾತ್ರಿ ವರ್ಷಾಂತ್ಯದ ಊಟ. ಕೆಲಸ ಹೋಗುವವರ ಕಡೆಗೆ ಕೋಳಿಯ ತಲೆ ತಿರುಗಿಸಿಡುವುದು ಹಳೇ ಪದ್ಧತಿ. ಓವ್ ನಗುತ್ತ ತಟ್ಟೆಯನ್ನು ರುಯಿಯತ್ತ ತಿರುಗಿಸಿದ. ತೂ ಯಿಂಗ್ ಅದನ್ನು ಅವನತ್ತಲೇ ತಿರುಗಿಸಿದಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಾ ಸಾಹೇಬ್ರೇ? ಬೀಗ ಇರೋವಾಗ ಒಳಗಿಂದ ರುಯಿ ಬರೆಯೋಕಾಗಲ್ಲ. ಅದನ್ನ ತೆಗೆಯೋದು ಹೊರಗಿಂದ, ಯಂತ್ರ ಶುರು ಮಾಡೋವಾಗ. ಆ ಅಧಿಕಾರ ಇವಳಿಗಿಲ್ಲ, ನಿಮಗಿದೆ. ಬೀಗ ಇದ್ರೆ ಒಂದೊಂದು ಸಲ ಬರೆದಾಗ್ಲೂ ಕಾವಲಿನ ತಂತ್ರಾಂಶ ತಡೆದು ನೋಡುತ್ತೆ, ಪರೀಕ್ಷೆ ಮೂರರವರೆಗೂ ಎಳೆಯುತ್ತೆ; ನೀವೂ ಒಂಬತ್ತಕ್ಕೇ ಶುರು ಮಾಡಿದ್ರಿ, ವರದಿ ಹನ್ನೊಂದಕ್ಕೇ ಬಂದಿದೆ. ಬೇಗ ಮುಗೀಲಿ ಅಂತ ಬೀಗ ತೆಗೆದ್ರಿ. ಹುಸಿ ಕೀಲಿ ಬರೆದು, ಅದು ಒಳಗೆ ಹೋಗಲ್ಲ ಅಂತ ಖಾತ್ರಿ ಮಾಡ್ಕೊಳ್ಳೋದೇ ಆ ಪರೀಕ್ಷೆ. ಅವತ್ತು ಒಳಗೆ ಹೋಯ್ತು. ನೀವು ನೋಡ್ದೆ ಮತ್ತೆ ಬೀಗ ಹಾಕಿದ್ರಿ."

ಓವ್ ಬಾಯಿ ಒರೆಸಿಕೊಂಡ. "ಇರಬಹುದು. ಗ್ರಾಹಕರು ಒಂದು ಹೆಸರು ಕೇಳಿದ್ರು, ಇವತ್ತು ಬೆಳಿಗ್ಗೆ ಇವಳದ್ದು ಕಳಿಸ್ಬಿಟ್ಟೆ. ಈಗ ನನ್ನ ಹೆಸರು ಕಳಿಸಿದ್ರೆ ಕಚೇರಿನೇ ಮುಚ್ಚಬೇಕು. ಊಟ ಮಾಡಿ, ಆರಿಹೋಗುತ್ತೆ."

ಒಬ್ಬೊಬ್ಬರಾಗಿ ಎಲ್ಲರೂ ಚಾಪ್‌ಸ್ಟಿಕ್ ಎತ್ತಿಕೊಂಡರು. ರುಯಿ ಎದ್ದು ಹೊರನಡೆದಳು.

"ಹನ್ನೊಂದಕ್ಕೆ ವರದಿ ಬಂದಾಗಲೇ ನಿಂಗೆ ಗೊತ್ತಾಗ್ಲಿಲ್ವೇನೋ?" ತೂ ಯಿಂಗ್ ಮೆಲ್ಲಗೆ ಲಿಯಾವ್‌ನನ್ನು ಕೇಳಿದಳು.

ಗೊತ್ತಾಗಿತ್ತು. ದೊಡ್ಡವರ ವಿಷಯ ನನಗ್ಯಾಕೆ ಎಂದು ಸುಮ್ಮನಿದ್ದ. ಈಗ ಅವನು ಚಾಪ್‌ಸ್ಟಿಕ್ ಕೆಳಗಿಟ್ಟ.

"ಬುಧವಾರವೇ ಹೇಳಿದ್ದಿದ್ರೆ ಅವಳ ಹೆಸರು ಹೋಗ್ತಿರ್ಲಿಲ್ಲ ಕಣೋ."

ಅವಳು ಕೋಟು ತೆಗೆದುಕೊಂಡು ರುಯಿಯ ಹಿಂದೆ ಹೋದಳು. ಹತ್ತು ವರ್ಷದಲ್ಲಿ ಮೊದಲ ಸಲ, ಲಿಯಾವ್‌ನನ್ನು "ಬಾರೋ" ಎಂದು ಕರೆಯಲಿಲ್ಲ.