ಹನ್ನೊಂದು ಸುತ್ತು ತಿರುಗಿದ ಎಂಜಿನ್

ನಾನು ಫಿಟ್ಟರ್ ಕೆಲಸದವಳು. ಕಣ್ಣಿಗೆ ಕಾಣದ್ದನ್ನು ನಂಬಿದವಳಲ್ಲ. ಮುಚ್ಚಿದ್ದ ಬಟ್ಟೆ ಗಿರಣಿಯ ಹಳೆಯ ಉಗಿ ಎಂಜಿನ್ ಸೋಮವಾರದೊಳಗೆ ಕೈಯಿಂದ ತಿರುಗುವಂತಾಗಬೇಕಿತ್ತು. ತಿರುಗಿದರೆ ಮ್ಯೂಸಿಯಂಗೆ, ಇಲ್ಲದಿದ್ದರೆ ಗುಜರಿಗೆ. ನನ್ನಜ್ಜ ಮೂವತ್ತು ವರ್ಷ ಎಣ್ಣೆ ಹಾಕಿ ಸಾಕಿದ ಎಂಜಿನ್ ಅದು. ಗುಜರಿಗೆ ಬಿಡುವ ಮಾತೇ ಇರಲಿಲ್ಲ.

ಬಾಯ್ಲರನ್ನು ಎಂದೋ ಮಾರಿದ್ದರು. ಉಗಿ ಬರುವ ಕೊಳವೆಯನ್ನು ಕತ್ತರಿಸಿ ಬಾಯಿ ಮುಚ್ಚಿ ಬೆಸೆದಿದ್ದರು. ಆದರೂ ಮೊದಲ ದಿನ ಮಧ್ಯಾಹ್ನ ಸಿಲಿಂಡರಿನ ಮೇಲೆ ಕೈಯಿಟ್ಟಾಗ, ಆಗಷ್ಟೇ ಚಹಾ ಕುಡಿದಿಟ್ಟ ಲೋಟದಂತೆ ಬೆಚ್ಚಗಿತ್ತು.

"ಬಿಸಿಲಿಗೆ ಕಾದಿರಬೇಕು," ಅಂದೆ.

"ಈ ಕೋಣೆಗೆ ಬಿಸಿಲೆಲ್ಲಿ ಬರುತ್ತಮ್ಮಾ? ಬಿಟ್ಟು ಹೋಗಿಬಿಡು," ಅಂದರು ಕಾವಲುಗಾರ ತಾತ.

"ಹಿಡಿದ ಕೆಲಸ ಬಿಟ್ಟು ಗೊತ್ತಿಲ್ಲ, ತಾತ."

ಮೂರು ದಿನ ತುಕ್ಕು ಕೆರೆದೆ, ಎಣ್ಣೆ ಬಿಟ್ಟೆ, ಹಾರೆ ಹಾಕಿ ದೊಡ್ಡ ಚಕ್ರವನ್ನು ಮೀಟಿದೆ. ಮೀಟಿದಾಗಲೆಲ್ಲ ಒಳಗಿನಿಂದ ಯಾರೋ ಉಸಿರು ಬಿಗಿಹಿಡಿದು ಎದುರು ತಳ್ಳಿದಂತಾಗುತ್ತಿತ್ತು. ನಾಲ್ಕನೆಯ ದಿನ ಆ ಬಲ ನನ್ನ ಕಡೆಗೇ ಸೇರಿಕೊಂಡಿತು. ಹಾರೆ ತೆಗೆದು ಹಿಂದೆ ಸರಿದೆ. ಚಕ್ರ ತಾನಾಗಿ ಹನ್ನೊಂದು ಸುತ್ತು ತಿರುಗಿ ನಿಂತಿತು. ತಾತ ಎದ್ದು ಹೊರಗೆ ನಡೆದರು.

ಉಗಿ ತಳ್ಳಿದಾಗ ಚಕ್ರ ತಿರುಗಿಸುವ ಪಿಸ್ಟನ್ನಿಗೆ ಗ್ರೀಸ್ ಹಚ್ಚಲೆಂದು ಸಿಲಿಂಡರಿನ ಮುಚ್ಚಳ ಬಿಚ್ಚಿದೆ. ಒಳಗೆ ಪಿಸ್ಟನ್ನೇ ಇರಲಿಲ್ಲ. ಅದನ್ನೂ ಯಾವಾಗಲೋ ಬಿಚ್ಚಿಕೊಂಡು ಹೋಗಿದ್ದರು. ಖಾಲಿ ಸಿಲಿಂಡರಿನ ಒಳಗೋಡೆಯ ಮೇಲೆ ಬಿಸಿನೀರಿನ ಹನಿಗಳು ಇಳಿಯುತ್ತಿದ್ದವು.

 ಮುಚ್ಚಳ ಹಾಕಿ ಹದಿನಾರು ಬೋಲ್ಟನ್ನೂ ಒಂದೊಂದಾಗಿ ಬಿಗಿದೆ. ಸೋಮವಾರ ಎಲ್ಲರೆದುರು ಚಕ್ರ ತಿರುಗಿತು, ಎಂಜಿನ್ ಉಳಿಯಿತು.

ಅದಕ್ಕೆ ಇಂದಿಗೂ ಪಿಸ್ಟನ್ ಇಲ್ಲ.