ನಡುಗೋಡೆಯ ನೋಟಿಸು

ಬಾಗಿಲು ತೆರೆದಾಗ ಇಮೊಜೆನ್ ಕಾಗದವೊಂದನ್ನು ಹಿಡಿದು ನಿಂತಿದ್ದಳು. ಕೂದಲಿಗೆ ಸುಣ್ಣದ ಪುಡಿ ಮೆತ್ತಿತ್ತು. ಅದೂ ಅವಳಿಗೆ ಒಪ್ಪುತ್ತಿತ್ತು.

"ಆಂಬ್ರೋಸ್, ನನ್ನ ಮೇಲೆ ಕೋಪಾನಾ?"

"ಇಲ್ವಲ್ಲ."

"ಮತ್ತೆ ಇವತ್ತು ಬೆಳಿಗ್ಗೆಯಿಂದ ನಾವಿಬ್ರೂ ಜಗಳ ಆಡ್ತಿದೀವಂತೆ. ಕಾನೂನೇ ಹೇಳ್ತಿದೆ."

ತಪ್ಪು ನನ್ನದೇ. ನಮ್ಮ ಎರಡು ಮನೆಗಳಿಗೆ ಇರುವುದು ಒಂದೇ ನಡುಗೋಡೆ. ಅದನ್ನು ಮುಟ್ಟಬೇಕಾದರೆ ಪಕ್ಕದವರಿಗೆ ನೋಟಿಸು ಕೊಡಬೇಕು. ಹದಿನಾಲ್ಕು ದಿನ ಉತ್ತರ ಬರದಿದ್ದರೆ ಅದು ಜಗಳವೆಂದೇ ಲೆಕ್ಕ. ಆಮೇಲೆ ಅಳೆಯುವವರು, ಬರೆಯುವವರು ಎಲ್ಲ ಬಂದು ತಿಂಗಳುಗಟ್ಟಲೆ ಎಳೆಯುತ್ತಾರೆ. ಗೋಡೆಯ ಬಿರುಕು ಮುಚ್ಚಿಸಲು ಅವಳು ಕೊಟ್ಟ ನೋಟಿಸನ್ನು ನಾನು ದಿನವೂ ಟೋಸ್ಟಿನ ಜೊತೆ ಓದಿ, ಮತ್ತೆ ಚಹಾ ಡಬ್ಬಿಯ ಕೆಳಗೆ ಇಡುತ್ತಿದ್ದೆ.

ಸೇಂಟ್ ಲೆನರ್ಡ್ಸ್‌ನ ಕಡಲಿಗೆ ಮುಖ ಮಾಡಿರುವ ಈ ಜೋಡಿ ಮನೆಯನ್ನು ಕಟ್ಟಿಸಿದವನಿಗೆ ದೊಡ್ಡಸ್ತಿಕೆ ಜಾಸ್ತಿ ಇದ್ದಿರಬೇಕು. ದೂರದಿಂದ ನೋಡಿದರೆ ಒಂದೇ ಅರಮನೆ. ಎರಡು ಬಾಗಿಲಿಗೂ ಕಂಬಗಳು, ಮಾಡಿನ ನೆತ್ತಿಯಲ್ಲಿ ಇಬ್ಬರಿಗೂ ಸೇರಿದ ಒಂದೇ ತ್ರಿಕೋನದ ಮುಖಭಾಗ. ಒಳಗೆ ಬರೀ ಇಟ್ಟಿಗೆ. ಹೊರಗೆ ಗಾರೆ ಬಳಿದು, ಕಲ್ಲು ಜೋಡಿಸಿದ ಹಾಗೆ ಗೆರೆ ಕೊರೆದಿದ್ದಾರೆ. ಸಂಜೆ ಬಿಸಿಲಿಗೆ ಆ ಗಾರೆ ಬೆಣ್ಣೆಯ ಬಣ್ಣಕ್ಕೆ ತಿರುಗುವಾಗ ನನಗೆ ಈ ಸುಳ್ಳಿನ ಮೇಲೆ ಪ್ರೀತಿ ಉಕ್ಕುತ್ತದೆ.

ಮೇ ತಿಂಗಳಲ್ಲಿ ಅವಳು ಬಂದಳು. ಚಿಕ್ಕಮ್ಮ ಬಿಟ್ಟುಹೋದ ಮನೆಯನ್ನು ರಿಪೇರಿ ಮಾಡಿಸಿ, ಮಾರಿ, ಲೀಡ್ಸ್‌ಗೆ ವಾಪಸಾಗುವುದು ಅವಳ ಲೆಕ್ಕಾಚಾರ. ನಮ್ಮ ಬಾಲ್ಕನಿಗಳ ನಡುವೆ ಇರುವುದು ಬಳ್ಳಿಯ ಚಿತ್ತಾರವಿರುವ ಮೊಣಕಾಲೆತ್ತರದ ಕಬ್ಬಿಣದ ಕಟಾಂಜನ ಮಾತ್ರ. ಬೇಸಿಗೆಯಿಡೀ ಅವಳು ಅಲ್ಲಿ ಚಹಾ ಕುಡಿಯುತ್ತ ಕಡಲು ನೋಡಿದಳು, ನಾನು ಅವಳನ್ನು ನೋಡಿದೆ. ನಾನು ಸಿಕ್ಕಿಬಿದ್ದಾಗಲೆಲ್ಲ ಅವಳು ಕಪ್ಪಿನೊಳಕ್ಕೇ ನಗುತ್ತಿದ್ದಳು. ಆ ನಗುವಿಗೆ ನಾನು ಸೋತುಹೋದೆ.

"ಡೆನ್ಜಿಲ್ ಕಾಯ್ತಿದಾನೆ," ಎಂದಳು. ಗಾರೆ ಕೆಲಸದ ಡೆನ್ಜಿಲ್ ಗೋಡೆಗೆ ಕಟ್ಟಿದ ಸಾರ್ವೆಯ ಹಲಗೆ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. "ಈ ವಾರ ಶುರು ಮಾಡ್ದಿದ್ರೆ ಚಳಿ ಬಂದ್ಬಿಡುತ್ತೆ, ಸುಣ್ಣ ಕಚ್ಚಲ್ಲ. ಆಮೇಲೆ ಏಪ್ರಿಲ್‌ವರೆಗೂ ಆಗಲ್ಲ."

"ಗೊತ್ತು."

"ಗೊತ್ತಿದ್ದೂ ಸಹಿ ಹಾಕ್ಲಿಲ್ವಾ?"

"ಗೊತ್ತಿದ್ದಿದ್ದಕ್ಕೇ ಹಾಕ್ಲಿಲ್ಲ. ಏಪ್ರಿಲ್‌ವರೆಗಾದ್ರೂ ಇರ್ತೀರಲ್ಲ ಅಂತ."

ಅವಳು ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದಳು. ನಗಲಿಲ್ಲ.

"ಆ ಬಿರುಕಿಂದ ನೀರು ನನ್ನ ಹಾಸಿಗೆ ಮೇಲೆ ತೊಟ್ಟಿಕ್ತಿದೆ, ಆಂಬ್ರೋಸ್. ಮಂಚ ಆ ಮೂಲೆಗೆ ಈ ಮೂಲೆಗೆ ಎಳೆದು ಎಳೆದು ಸಾಕಾಗಿದೆ."

ಮಂಚ ಎಳೆಯುವ ಸದ್ದು ಗೋಡೆಯಾಚೆಯಿಂದ ನನಗೂ ಕೇಳಿಸಿತ್ತು. ಇಲ್ಲೇ ಉಳಿಯಲು ಅವಳು ಕೋಣೆ ಅಣಿಮಾಡಿಕೊಳ್ಳುತ್ತಿದ್ದಾಳೆ ಎಂದು ನಾನು ಕನಸು ಕಟ್ಟಿಕೊಂಡು ಮಲಗಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಒಳಗೆ ಹೋಗಿ ಪೆನ್ನು ತಂದು, ಕಂಬಕ್ಕೆ ಕಾಗದ ಒತ್ತಿಹಿಡಿದು ಸಹಿ ಹಾಕಿದೆ. ಅವಳು ಹೊರಡುವ ದಿನಕ್ಕೇ ಸಹಿ ಹಾಕಿದಂತಿತ್ತು.

"ಕ್ಷಮಿಸಿ. ಮನೆ ಸರಿಹೋಗ್ಲಿ, ಒಳ್ಳೆಯವರೇ ಕೊಂಡ್ಕೊಳ್ಲಿ. ಆದ್ರೆ ಒಂದ್ಮಾತು. ಆ ಕಡೆ ಯಾರೇ ಬಂದು ಇದ್ರೂ ನನಗದು ಖಾಲಿ ಮನೇನೇ."

ಅವಳು ಕಾಗದ ಮಡಚಿಕೊಂಡು ಮೆಟ್ಟಿಲಿಳಿದಳು.

"ಡೆನ್ಜಿಲ್, ನಾಳೆನೇ ಶುರು ಮಾಡು."

ಅವಳು ಜೇಬಿನಿಂದ ಫೋನ್ ತೆಗೆದು, ಮನೆ ಮಾರಿಕೊಡುವ ಏಜೆಂಟಿಗೆ ಕರೆ ಮಾಡಿದಳು.

"ಹಲೋ, ಮನೆ ನೋಡೋಕೆ ಸೋಮವಾರ ಯಾರನ್ನೂ ಕರ್ಕೊಂಡು ಬರ್ಬೇಡಿ. ಇಲ್ಲ, ಮಾರ್ತಿಲ್ಲ."

ಫೋನ್ ಇಟ್ಟು ನನ್ನತ್ತ ತಿರುಗಿದಳು. "ನನ್ನ ಇಲ್ಲಿ ಉಳಿಸ್ಕೊಳ್ಳೋಕೆ ನನ್ನ ಹಾಸಿಗೆ ನೆನೆಸ್ಬೇಕಿತ್ತಾ? ಬಾಯ್ಬಿಟ್ಟು ಕೇಳೋಕೆ ಏನಾಗಿತ್ತು ನಿನಗೆ?"

"ಕೇಳಿದ್ರೆ ಇರ್ತಿದ್ಯಾ?"

"ನೀನು ಕೇಳ್ಲೇ ಇಲ್ವಲ್ಲ. ಈಗ ಕೇಳು."

ಸಾರ್ವೆಯ ಮೇಲಿದ್ದ ಡೆನ್ಜಿಲ್ ಔಚಿತ್ಯವರಿತು ಕಡಲಿನ ಕಡೆ ಮುಖ ತಿರುಗಿಸಿದ. ನಾನು ಕೇಳಿದೆ.